ಹೈಕು ಓಎಸ್‌ನಲ್ಲಿ ಲೈಬ್ರರಿಗಳು: ಯಾವುದನ್ನು ಆರಿಸೋದು, ಎಲ್ಲಿ ಹಾಕೋದು?

ಕಿರುಬೆರಳು:

ಎಲ್ಲರಿಗೂ ನಮಸ್ಕಾರ. ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಹೈಕು (ಹಳೇ ಬಿಓಎಸ್‌ನ ದಾರಿಯಲ್ಲೇ ಕಟ್ಟುತ್ತಿರುವ ಓಪನ್ ಸೋರ್ಸ್ ಓಎಸ್) ಬೀಟಾ 5 ಹಾಕಿಕೊಂಡಿದ್ದೇನೆ, 32 ಬಿಟ್ ಆವೃತ್ತಿ. ಸಖತ್ ಚುರುಕಾಗಿದೆ. ಸುಮ್ನೆ ನೋಡಿಕೊಂಡು ಕೂರೋ ಬದಲು ಏನಾದರೂ ಬರೆಯೋಣ ಅಂತ ಒಂದು ಚಿಕ್ಕ ಫೀಡ್ ರೀಡರ್‌ಗೆ (ವೆಬ್‌ಸೈಟ್‌ಗಳ ಹೊಸ ಲೇಖನಗಳನ್ನು ಒಂದೇ ಕಡೆ ತೋರಿಸುವ ಪ್ರೊಗ್ರಾಂ) ಕೈ ಹಾಕಿದ್ದೇನೆ, ಸಿ++ನಲ್ಲಿ.

ಕೆಲಸ ನಾಲ್ಕೇ. ಎಚ್‌ಟಿಟಿಪಿಎಸ್‌ನಲ್ಲಿ ಫೀಡ್ ತರಬೇಕು, ಎಕ್ಸ್‌ಎಂಎಲ್ ಓದಬೇಕು, ಓದಿದ್ದು ಓದದ್ದು ಎಲ್ಲಾದರೂ ಇಟ್ಟುಕೊಳ್ಳಬೇಕು, ವಿಂಡೋದಲ್ಲಿ ತೋರಿಸಬೇಕು. ಲಿನಕ್ಸ್ ಆಗಿದ್ದರೆ ಯೋಚನೆ ಮಾಡುತ್ತಲೇ ಇರಲಿಲ್ಲ. ಈ ನಾಲ್ಕಕ್ಕೆ ಕ್ರಮವಾಗಿ ಕರ್ಲ್, ಲಿಬ್‌ಎಕ್ಸ್‌ಎಂಎಲ್2, ಎಸ್‌ಕ್ಯೂಲೈಟ್, ಕ್ಯೂಟಿ ಅನ್ನೋ ಲೈಬ್ರರಿ (ಸಿದ್ಧ ಕೋಡ್) ಹಾಕಿ ಶುರು ಮಾಡುತ್ತಿದ್ದೆ. ಇಲ್ಲೂ ಅದೇ ಸಾಕಾ, ಇಲ್ಲಾ ಇಲ್ಲಿನದೇ ಬೇರೆ ದಾರಿ ಇದೆಯಾ?

ಸದ್ಯಕ್ಕೆ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಸೆಟ್ಟಿಂಗ್ಸ್ ಓದೋಕೆ ಒಂದೇ ಹೆಡರ್ ಫೈಲಿನ ಜೇಸನ್ ಲೈಬ್ರರಿ ತಂದುಕೊಂಡೆ. ಕಂಪೈಲ್ ಮಾಡಿದರೆ ಮೊದಲ ಸಾಲಿನಿಂದಲೇ ಎರರ್, ಪರದೆ ತುಂಬಾ. 'ಆಟೋ' ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿಲ್ಲ! ಇನ್ನೊಂದು, ಬೇರೆ ಲೈಬ್ರರಿಯನ್ನು ಸೋರ್ಸ್‌ನಿಂದ ಕಟ್ಟಿ 'ಮೇಕ್ ಇನ್‌ಸ್ಟಾಲ್' ಕೊಟ್ಟರೆ ಫೈಲ್ ಸಿಸ್ಟಂ ರೀಡ್ ಓನ್ಲಿ ಅನ್ನುತ್ತದೆ. ಇಲ್ಲಿ ರೂಟ್ ಆಗೋದು ಹೇಗೆ?

ಹಳೇಬೀಓಎಸ್:

ಮೊದಲನೆಯದಕ್ಕೆ ಉತ್ತರ ಸುಲಭ, ಕಾರಣ ಸ್ವಲ್ಪ ಉದ್ದ.

32 ಬಿಟ್ ಹೈಕುವಿನಲ್ಲಿ ಎರಡು ಕಂಪೈಲರ್ ಇವೆ. ಸುಮ್ನೆ ಜಿಸಿಸಿ ಅಂತ ಕರೆದರೆ ಎದ್ದು ಬರೋದು 2.95, ಕಳೆದ ಶತಮಾನದ ಸಿ++ ಮಾತ್ರ ಗೊತ್ತಿರುವ ಕಂಪೈಲರ್. ಪಕ್ಕದಲ್ಲೇ 13ರ ಸಾಲಿನ ಹೊಸ ಜಿಸಿಸಿಯೂ ಇದೆ. ಹಳೆಯದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ ಅಂದರೆ ಬಿಓಎಸ್‌ಗಾಗಿ. 2001ರಲ್ಲಿ ಬಿ ಕಂಪನಿಯ ಆಸ್ತಿ ಪಾಮ್ ಪಾಲಾದಾಗ ಓಪನ್‌ಬಿಓಎಸ್ ಅಂತ ಈ ಯೋಜನೆ ಶುರುವಾಯಿತು, 2004ರಲ್ಲಿ ಹೈಕು ಅಂತ ಹೆಸರಿಟ್ಟರು. ಬಿಓಎಸ್ ಆರ್5ರ ಪ್ರೊಗ್ರಾಂಗಳು ಮತ್ತೆ ಕಂಪೈಲ್ ಮಾಡದೆ ಹಾಗೇ ಓಡಬೇಕು ಅನ್ನೋದು ಅವತ್ತಿನಿಂದ ಇರುವ ಗುರಿ. ಜಿಸಿಸಿ 3ರಿಂದ ಸಿ++ನ ಎಬಿಐ (ಕಂಪೈಲ್ ಆದ ತುಂಡುಗಳು ಒಂದಕ್ಕೊಂದು ಹೊಂದಿಕೊಳ್ಳುವ ನಿಯಮ) ಬದಲಾಯಿತು. ಹಾಗಾಗಿ ಹಳೆ ಪ್ರೊಗ್ರಾಂಗೆ ಹಳೆ ಕಂಪೈಲರ್‌ನಲ್ಲಿ ಕಟ್ಟಿದ ಲೈಬ್ರರಿಗಳೇ ಬೇಕು.

ನೀವು ಮಾಡಬೇಕಾದದ್ದು ಇಷ್ಟೇ. ಟರ್ಮಿನಲ್‌ನಲ್ಲಿ 'ಸೆಟ್‌ಆರ್ಚ್ ಎಕ್ಸ್86' ಕೊಡಿ. ಆ ಶೆಲ್‌ನಲ್ಲಿ ಜಿಸಿಸಿ ಅಂದರೆ ಹೊಸದು. ಒಂದು ಎಚ್ಚರಿಕೆ: ಒಂದೇ ಪ್ರೊಗ್ರಾಂನಲ್ಲಿ ಎರಡೂ ಕಂಪೈಲರ್‌ನ ಸಿ++ ಲೈಬ್ರರಿಗಳನ್ನು ಬೆರೆಸೋಕೆ ಹೋಗಬೇಡಿ.

ನಿಜ ಹೇಳಬೇಕು ಅಂದರೆ, ಹಳೆ ಬಿಓಎಸ್ ಪ್ರೊಗ್ರಾಂ ಓಡಿಸೋ ಆಸೆ ಇಲ್ಲದಿದ್ದರೆ, ಮಷಿನ್‌ಗೂ ತಾಕತ್ತಿದ್ದರೆ 64 ಬಿಟ್ ಹಾಕಿಕೊಳ್ಳಿ. ಅಲ್ಲಿ ಈ ತಕರಾರೇ ಇಲ್ಲ.

(ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೀತಾ ಇದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ ಮಾರಾಯ್ರೆ, ಆಮೇಲೆ ನನ್ನನ್ನು ಬೈಯಬೇಡಿ.)

ತಂತಿಮನೆ:

ಎರಡನೆಯದು ನಾನು ಹೇಳ್ತೀನಿ. ರೂಟ್ ಆಗೋ ಮಾತೇ ಇಲ್ಲಿಲ್ಲ, ನೀವು ಆಗಲೇ ಎಲ್ಲ ಅಧಿಕಾರ ಇರುವ ಒಬ್ಬರೇ ಬಳಕೆದಾರ. ಆದರೂ ಸಿಸ್ಟಂ ಫೋಲ್ಡರ್‌ಗೆ ಬರೆಯೋಕೆ ಆಗಲ್ಲ. ಅಲ್ಲಿ ಕಾಣಿಸುವ ಬಿನ್, ಲಿಬ್, ಡೆವೆಲಪ್ ಯಾವುದೂ ಡಿಸ್ಕ್‌ನಲ್ಲಿ ಬಿಚ್ಚಿಟ್ಟ ಫೈಲ್‌ಗಳಲ್ಲ.

ಹೈಕುವಿನಲ್ಲಿ ಪ್ಯಾಕೇಜ್ ಅಂದರೆ ಎಚ್‌ಪಿಕೆಜಿ ಅನ್ನೋ ಒಂದು ಫೈಲ್. ಇನ್‌ಸ್ಟಾಲ್ ಮಾಡೋದು ಅಂದರೆ ಆ ಫೈಲ್ ಅನ್ನು ಪ್ಯಾಕೇಜಸ್ ಫೋಲ್ಡರ್‌ನಲ್ಲಿ ಇಡೋದು. ಪ್ಯಾಕೇಜ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂ ಅಲ್ಲಿರುವ ಎಲ್ಲವನ್ನೂ ಕುಗ್ಗಿಸಿದ ಸ್ಥಿತಿಯಲ್ಲೇ ಓದಿ, ಒಂದರ ಮೇಲೊಂದು ಸೇರಿಸಿ, ಒಂದೇ ಫೋಲ್ಡರ್ ಇದ್ದ ಹಾಗೆ ತೋರಿಸುತ್ತದೆ. ಬಿಚ್ಚೋದೂ ಇಲ್ಲ, ನಕಲು ಮಾಡೋದೂ ಇಲ್ಲ. ಬೇಡ ಅಂದರೆ ಆ ಫೈಲ್ ತೆಗೆದರೆ ಮುಗೀತು. 2013ರಲ್ಲಿ ಈ ವ್ಯವಸ್ಥೆ ಸೇರಿತು. ಅದಕ್ಕಿಂತ ಮೊದಲು ಬರೆದ ಟ್ಯುಟೋರಿಯಲ್‌ಗಳು ಇನ್ನೂ ಸಿಗುತ್ತವೆ, ಅವುಗಳ ಫೋಲ್ಡರ್ ದಾರಿಗಳನ್ನು ನಂಬಬೇಡಿ.

ಇದರಲ್ಲಿ ಇನ್ನೊಂದು ಲಾಭ ಇದೆ. ಪ್ಯಾಕೇಜ್ ಹಾಕಿದಾಗ, ತೆಗೆದಾಗ ಹಿಂದಿನ ಸ್ಥಿತಿಯನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಯಾವುದೋ ಲೈಬ್ರರಿ ಅಪ್‌ಡೇಟ್ ಆಗಿ ಡೆಸ್ಕ್‌ಟಾಪೇ ಬರಲಿಲ್ಲ ಅಂದುಕೊಳ್ಳಿ. ಬೂಟ್ ಆಗುವಾಗ ಶಿಫ್ಟ್ ಒತ್ತಿ ಹಿಡಿದರೆ ಮೆನು ಬರುತ್ತದೆ, ಅಲ್ಲಿ ಹಿಂದಿನ ತಾರೀಖಿನ ಸ್ಥಿತಿ ಆರಿಸಿ ಎದ್ದೇಳಬಹುದು. ಧೈರ್ಯವಾಗಿ ಪ್ರಯೋಗ ಮಾಡಿ.

ನೀವೇ ಕಟ್ಟಿದ್ದನ್ನು ಹಾಕೋಕೆ 'ನಾನ್-ಪ್ಯಾಕೇಜ್ಡ್' ಅನ್ನೋ ಫೋಲ್ಡರ್ ಇದೆ, ಸಿಸ್ಟಂ ಒಳಗೊಂದು, ಹೋಮ್‌ನ ಕಾನ್ಫಿಗ್ ಒಳಗೊಂದು. ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗಬೇಕಾದ ಜಾಗ) ಆಗಿ ಅದನ್ನು ಕೊಡಿ. ಹೆಡರ್ ಜಾಗವನ್ನು ಮಾತ್ರ ಬೇರೆಯಾಗಿ ಹೇಳಬೇಕು. ಕಂಪೈಲರ್ ಹುಡುಕೋದು 'ಇನ್‌ಕ್ಲೂಡ್' ಫೋಲ್ಡರ್‌ನಲ್ಲಿ ಅಲ್ಲ, 'ಡೆವೆಲಪ್/ಹೆಡರ್ಸ್'ನಲ್ಲಿ. ಇದು ಗೊತ್ತಿಲ್ಲದೆ, ಇನ್‌ಸ್ಟಾಲ್ ಆಯ್ತು ಆದರೆ ಹೆಡರ್ ಸಿಗ್ತಿಲ್ಲ ಅಂತ ತಲೆ ಚಚ್ಚಿಕೊಳ್ಳುವವರು ಜಾಸ್ತಿ.

ಕಿರುಬೆರಳು:

ಸೆಟ್‌ಆರ್ಚ್ ಕೆಲಸ ಮಾಡಿತು! ಜೇಸನ್ ಹೆಡರ್ ತೆಪ್ಪಗೆ ಕಂಪೈಲ್ ಆಯ್ತು. ಥ್ಯಾಂಕ್ಸ್ ಇಬ್ಬರಿಗೂ.

ಈಗ ಕರ್ಲ್ ಜಗಳ. ಟರ್ಮಿನಲ್‌ನಲ್ಲಿ ಕರ್ಲ್ ಕಮಾಂಡ್ ಓಡುತ್ತಿದೆ, ಅಂದರೆ ಇನ್‌ಸ್ಟಾಲ್ ಆಗಿದೆ ಅಲ್ವಾ? ಆದರೆ ನನ್ನ ಪ್ರೊಗ್ರಾಂಗೆ ಹೆಡರ್ ಸಿಗುತ್ತಿಲ್ಲ. 'ಕರ್ಲ್_ಡೆವೆಲ್' ಹಾಕಿದೆ. ಹೆಡರ್ ಸಿಕ್ಕಿತು, ಲಿಂಕ್ ಆಗುತ್ತಿಲ್ಲ.

ತಂತಿಮನೆ:

ಹಾಕಿದ್ದು ಹಳೆ ಕಂಪೈಲರ್ ಪಾಲಿನ ಪ್ಯಾಕೇಜ್. 32 ಬಿಟ್‌ನಲ್ಲಿ ಹೊಸ ಕಂಪೈಲರ್‌ಗೆ ಹೆಸರಿನ ನಡುವೆ 'ಎಕ್ಸ್86' ಇರುವ ಪ್ಯಾಕೇಜ್ ಬೇಕು, 'ಕರ್ಲ್_ಎಕ್ಸ್86_ಡೆವೆಲ್'. ಎಕ್ಸ್‌ಎಂಎಲ್ ಓದುವ ಎಕ್ಸ್‌ಪ್ಯಾಟ್, ಎಸ್‌ಕ್ಯೂಲೈಟ್ ಎಲ್ಲಕ್ಕೂ ಇದೇ ಲೆಕ್ಕ. 64 ಬಿಟ್‌ನಲ್ಲಿ ಈ ನಡುವಿನ ತುಂಡು ಇರಲ್ಲ.

ಪ್ಯಾಕೇಜ್ ಹೆಸರು ಊಹಿಸೋದನ್ನೇ ಬಿಡಬಹುದು. ಯಾವ ಪ್ಯಾಕೇಜ್ ಏನನ್ನು ಕೊಡುತ್ತದೆ ಅನ್ನೋದು ಅದರೊಳಗೇ ಬರೆದಿರುತ್ತದೆ, ಪ್ಯಾಕೇಜ್ ಹಾಕುವ ಕಮಾಂಡ್ ಆದ ಪಿಕೆಜಿಮ್ಯಾನ್‌ಗೆ ಅದನ್ನೇ ಕೇಳಬಹುದು:

ಪಿಕೆಜಿಮ್ಯಾನ್ ಇನ್‌ಸ್ಟಾಲ್ ಡೆವೆಲ್:ಲಿಬ್‌ಕರ್ಲ್_ಎಕ್ಸ್86

ಕಮಾಂಡ್ ಬೇಕಿದ್ದರೆ 'ಸಿಎಂಡಿ:ಗಿಟ್' ಅಂತ ಕೇಳಿ. ಹೈಕುಡಿಪೋ (ವಿಂಡೋದಲ್ಲಿ ಪ್ಯಾಕೇಜ್ ಹುಡುಕುವ ಪ್ರೊಗ್ರಾಂ) ಚೆನ್ನಾಗಿದೆ, ಆದರೆ ಅದು ಆ್ಯಪ್ ಹುಡುಕೋರಿಗೆ. ಲೈಬ್ರರಿ ಕೆಲಸಕ್ಕೆ ಟರ್ಮಿನಲ್ಲೇ ಸರಿ.

ಅರ್ಧಕಂಪೈಲ್:

ಎಲ್ಲಿ ಹಾಕೋದು ಅನ್ನೋದು ಆಯ್ತು. ಯಾವುದನ್ನು ಆರಿಸೋದು ಅನ್ನೋದಕ್ಕೆ ಬರೋಣ. ನನಗೆ ಅದೇ ದೊಡ್ಡ ಪ್ರಶ್ನೆ.

ದೊಡ್ಡ ಓಎಸ್‌ನಲ್ಲಿ ಲೈಬ್ರರಿ ಆರಿಸುವಾಗ ನಾವು ನೋಡೋದು ಏನೇನು ಸೌಲಭ್ಯ ಇದೆ, ಎಷ್ಟು ವೇಗ, ಡಾಕ್ಯುಮೆಂಟೇಶನ್ ಹೇಗಿದೆ ಅಂತ. ಇಲ್ಲಿ ಅದೆಲ್ಲ ಆಮೇಲೆ. ಮೊದಲು ಹೈಕುಪೋರ್ಟ್ಸ್‌ನಲ್ಲಿ (ಹೊರಗಿನ ಸಾಫ್ಟ್‌ವೇರ್ ಅನ್ನು ಹೈಕುವಿಗೆ ತರುವ ಯೋಜನೆ) ಅದರ ರೆಸಿಪಿ, ಅಂದರೆ ಕಟ್ಟುವ ವಿಧಾನ ಬರೆದ ಫೈಲ್, ಇದೆಯಾ ನೋಡಿ. ಇದ್ದರೆ ಅದನ್ನು ಕೊನೆಗೆ ಮುಟ್ಟಿದ್ದು ಯಾವಾಗ ನೋಡಿ. ಜೊತೆಗೆ ಹೈಕುವಿಗಾಗಿ ಸೋರ್ಸ್ ತಿದ್ದುವ ಪ್ಯಾಚ್ ಫೈಲ್ ಇದೆಯಾ, ಎಷ್ಟು ಉದ್ದ ಇದೆ ಅಂತಲೂ ನೋಡಿ. ಪ್ಯಾಚ್ ಇಲ್ಲದೆ ಕಟ್ಟುವ ಲೈಬ್ರರಿ ಬಂಗಾರ, ಹೊಸ ಆವೃತ್ತಿ ಬಂದರೂ ಸಾಮಾನ್ಯವಾಗಿ ಹಾಗೇ ಕಟ್ಟುತ್ತದೆ. ನೂರಾರು ಸಾಲಿನ ಪ್ಯಾಚ್ ಇದ್ದರೆ ಯಾರೋ ಒಬ್ಬರು ಕೂತು ಅದನ್ನು ಸಾಕುತ್ತಿದ್ದಾರೆ ಅಂತ ಅರ್ಥ. ಅವರಿಗೆ ಬಿಡುವಿಲ್ಲ ಅಂದ ದಿನ ನಿಮ್ಮ ಪ್ರೊಗ್ರಾಂ ಕೂಡ ಅಲ್ಲೇ ನಿಲ್ಲುತ್ತದೆ.

ರೆಸಿಪಿಯೇ ಇಲ್ಲದಿದ್ದರೆ ಸೋರ್ಸ್ ಇಳಿಸಿಕೊಂಡು ಗ್ರೆಪ್ ಹೊಡೆದು ಪದ ಹುಡುಕಿ. ಈಪೋಲ್ (ಹಲವು ಕನೆಕ್ಷನ್‌ಗಳನ್ನು ಒಟ್ಟಿಗೆ ಕಾಯೋದು) ಇದೆಯಾ? ಐನೋಟಿಫೈ (ಫೈಲ್ ಬದಲಾದದ್ದು ತಿಳಿಯೋದು) ಇದೆಯಾ? ಪ್ರೋಕ್ ಫೋಲ್ಡರ್‌ನಿಂದ ಏನಾದರೂ ಓದುತ್ತದಾ? ಈ ಮೂರೂ ಲಿನಕ್ಸ್‌ನವು, ಹೈಕುವಿನಲ್ಲಿ ಇಲ್ಲ. ಈಪೋಲ್ ಜಾಗದಲ್ಲಿ ಪೋಲ್ ಬಳಸುವ ಪರ್ಯಾಯ ದಾರಿ ಕೋಡ್‌ನಲ್ಲೇ ಇದ್ದರೆ ಪರವಾಗಿಲ್ಲ. ಫೈಲ್ ಬದಲಾದದ್ದು ತಿಳಿಯೋಕೆ ಹೈಕುವಿಗೆ ತನ್ನದೇ ನೋಡ್ ಮಾನಿಟರ್ ಇದೆ, ಆದರೆ ಹೊರಗಿನ ಲೈಬ್ರರಿಗೆ ಅದು ಗೊತ್ತಿರಲ್ಲ.

ನಾನು ನೋಡೋ ಇನ್ನೊಂದು ವಿಷಯ ಥ್ರೆಡ್, ಅಂದರೆ ಪ್ರೊಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆ. ಇದು ಹೈಕುವಿನಲ್ಲಿ ಬೇರೆಲ್ಲಾ ಕಡೆಗಿಂತ ಜಾಸ್ತಿ ಮುಖ್ಯ. ಇಲ್ಲಿ ಪ್ರತಿ ವಿಂಡೋಗೂ ತನ್ನದೇ ಥ್ರೆಡ್. ನೀವು ಒಂದೂ ಥ್ರೆಡ್ ಹುಟ್ಟಿಸದಿದ್ದರೂ ಎರಡು ವಿಂಡೋ ತೆರೆದರೆ ನಿಮ್ಮದು ಬಹು ಥ್ರೆಡ್ ಪ್ರೊಗ್ರಾಂ. ಹಾಗಾಗಿ ಒಳಗೆ ಗ್ಲೋಬಲ್ ವೇರಿಯಬಲ್ ಇಟ್ಟುಕೊಂಡು ಕೂತ ಹಳೆ ಸಿ ಲೈಬ್ರರಿಗಳು ಇಲ್ಲಿ ಬೇಗ ಬಣ್ಣ ಬಯಲು ಮಾಡುತ್ತವೆ. ಕರ್ಲ್ ಒಳ್ಳೆಯದೇ, ಆದರೆ ಒಂದು ಈಸಿ ಹ್ಯಾಂಡಲ್ (ವರ್ಗಾವಣೆಯ ವಿವರ ಇಟ್ಟುಕೊಳ್ಳುವ ವಸ್ತು) ಅನ್ನು ಎರಡು ಥ್ರೆಡ್ ಒಟ್ಟಿಗೆ ಮುಟ್ಟಬಾರದು. ಗ್ಲೋಬಲ್ ಇನಿಟ್ ಕರೆಯನ್ನು ಮೇನ್ ಫಂಕ್ಷನ್‌ನ ಶುರುವಿನಲ್ಲೇ, ವಿಂಡೋ ಹುಟ್ಟೋಕೆ ಮುಂಚೆ ಮಾಡಿಬಿಡಿ.

ನಿಮ್ಮ ಫೀಡ್ ರೀಡರ್‌ಗೆ ನಾನು ಹೇಳೋದು ಕರ್ಲ್, ಎಕ್ಸ್‌ಪ್ಯಾಟ್, ಎಸ್‌ಕ್ಯೂಲೈಟ್. ಮೂರೂ ಹಳೆಯವು, ಎಲ್ಲೆಲ್ಲೋ ಓಡಿ ಪಳಗಿದವು. ಹೈಕುವಿನದೇ ನೆಟ್‌ವರ್ಕ್ ಸರ್ವಿಸಸ್ ಕಿಟ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಅದರ ಎಚ್‌ಟಿಟಿಪಿ ಭಾಗ ಇನ್ನೂ ಖಾಸಗಿ ಎಪಿಐ, ಹೊಸದಾಗಿ ಬರೆಯುತ್ತಿದ್ದಾರೆ. ಈಗಲೇ ಅದಕ್ಕೆ ಜೋತುಬೀಳಬೇಡಿ.

ಹಳೇಬೀಓಎಸ್:

ಎಸ್‌ಕ್ಯೂಲೈಟ್ ಯಾಕೆ ಸ್ವಾಮಿ? ಹೈಕುವಿಗೆ ಬಂದು ಡೇಟಾಬೇಸ್ ಲೈಬ್ರರಿ ಹುಡುಕುತ್ತೀರಲ್ಲ, ಫೈಲ್ ಸಿಸ್ಟಮ್ಮೇ ಡೇಟಾಬೇಸ್ ಥರ ಇದೆ.

ಹೈಕುವಿನ ಫೈಲ್ ಸಿಸ್ಟಂ ಬಿಎಫ್‌ಎಸ್‌ನಲ್ಲಿ ಯಾವ ಫೈಲ್‌ಗೆ ಬೇಕಾದರೂ ಆ್ಯಟ್ರಿಬ್ಯೂಟ್, ಅಂದರೆ ಹೆಸರಿಟ್ಟ ಹೆಚ್ಚಿನ ಮಾಹಿತಿ, ಅಂಟಿಸಬಹುದು. ಇಲ್ಲಿನ ಇಮೇಲ್ ವ್ಯವಸ್ಥೆ ನೋಡಿ. ಒಂದು ಪತ್ರಕ್ಕೆ ಒಂದು ಫೈಲ್. ಯಾರಿಂದ ಬಂತು, ವಿಷಯ ಏನು, ಓದಿದ್ದಾ ಇಲ್ಲವಾ, ಎಲ್ಲವೂ ಆ್ಯಟ್ರಿಬ್ಯೂಟ್. ಫೈಲ್ ಮ್ಯಾನೇಜರ್ ಆದ ಟ್ರ್ಯಾಕರ್‌ನಲ್ಲೇ ಅವು ಕಾಲಂ ಆಗಿ ಕಾಣುತ್ತವೆ. ಫೀಡ್‌ಗೂ ಹಾಗೇ ಮಾಡಿ. ಒಂದು ಲೇಖನಕ್ಕೆ ಒಂದು ಫೈಲ್, ಸ್ಥಿತಿ ಅಂತ ಒಂದು ಆ್ಯಟ್ರಿಬ್ಯೂಟ್. ಓದದೇ ಇರುವುದನ್ನೆಲ್ಲ ಕೊಡು ಅಂತ ಹುಡುಕುವ ಕ್ಲಾಸ್ ಬಿಕ್ವೆರಿಗೆ ಹೇಳಿ, ಲೈವ್ ಕ್ವೆರಿ ಆದರೆ ಹೊಸದು ಬಂದ ತಕ್ಷಣ ಮೆಸೇಜ್ ಬರುತ್ತದೆ. ಅರ್ಧ ಪ್ರೊಗ್ರಾಂ ಬರೆಯೋದೇ ಉಳಿಯಿತು.

ಒಂದು ಮಾತ್ರ ನೆನಪಿಡಿ. ಹುಡುಕಬೇಕಾದ ಆ್ಯಟ್ರಿಬ್ಯೂಟ್‌ಗೆ ಮೊದಲೇ 'ಎಂಕೆಇಂಡೆಕ್ಸ್' ಕಮಾಂಡ್‌ನಿಂದ ಇಂಡೆಕ್ಸ್ ಮಾಡಿರಬೇಕು. ಇಂಡೆಕ್ಸ್ ಮಾಡೋಕೆ ಮುಂಚೆ ಬರೆದ ಫೈಲ್‌ಗಳು ಅದರೊಳಗೆ ತಾನಾಗೇ ಸೇರಲ್ಲ. ಆ್ಯಟ್ರಿಬ್ಯೂಟ್ ಮತ್ತೆ ಬರೆದರೇ ಸೇರೋದು.

ಗೂಬೆಕಣ್ಣು:

@ಹಳೇಬೀಓಎಸ್ ಚಂದ ಇದೆ, ಒಪ್ಪುತ್ತೇನೆ. ಆದರೆ ಆ ಫೈಲ್‌ಗಳನ್ನು ಫ್ಯಾಟ್ ಪೆನ್‌ಡ್ರೈವ್‌ಗೆ ಹಾಕಿದರೆ ಆ್ಯಟ್ರಿಬ್ಯೂಟ್ ಎಲ್ಲ ಮಂಗಮಾಯ. ಗಿಟ್‌ನಲ್ಲಿ ಇಟ್ಟರೂ ಅಷ್ಟೇ. ನಾಳೆ ಇದನ್ನೇ ಬೇರೆ ಓಎಸ್‌ನಲ್ಲಿ ಓಡಿಸಬೇಕು ಅಂದರೆ ಸಂಗ್ರಹದ ಭಾಗ ಪೂರ್ತಿ ಹೊಸದಾಗಿ ಬರೆಯಬೇಕು. ಎಸ್‌ಕ್ಯೂಲೈಟ್ ಆದರೆ ಒಂದೇ ಫೈಲ್ ಎತ್ತಿಕೊಂಡು ಹೋದರಾಯ್ತು.

ಹಳೇಬೀಓಎಸ್:

ಬೇರೆ ಓಎಸ್‌ನಲ್ಲಿ ಫೀಡ್ ರೀಡರ್‌ಗೆ ಬರವಾ? ಇಲ್ಲಿಗಾಗಿಯೇ ಬರೆಯೋದಾದರೆ ಇಲ್ಲಿನದನ್ನು ಬಳಸಬೇಕು. ಎಲ್ಲ ಕಡೆ ಓಡೋ ಪ್ರೊಗ್ರಾಂ ಎಲ್ಲ ಕಡೆಯೂ ಹೊರಗಿನವನ ಹಾಗೇ ಕಾಣುತ್ತದೆ.

ನೋಡ್ಕೋತೀನಿ:

ನಡುವೆ ಬಾಯಿ ಹಾಕ್ತಿದ್ದೀನಿ, ವಿಷಯ ಇದಕ್ಕೇ ಹತ್ತಿರದ್ದು. ರೆಸಿಪಿ ಇಲ್ಲದ ಒಂದು ಪುಟ್ಟ ಸಿ ನೆಟ್‌ವರ್ಕ್ ಲೈಬ್ರರಿಯನ್ನು 64 ಬಿಟ್‌ನಲ್ಲಿ ಕಟ್ಟುತ್ತಿದ್ದೇನೆ. ಕಂಪೈಲ್ ಆಗುತ್ತದೆ, ಲಿಂಕ್‌ನಲ್ಲಿ ಮೂರು ದೂರು: ಲಿಬ್‌ಎಂ ಇಲ್ಲ, ಲಿಬ್‌ಪಿಥ್ರೆಡ್ ಇಲ್ಲ, ಸಾಕೆಟ್ ಫಂಕ್ಷನ್ ಎಲ್ಲಿದೆ ಗೊತ್ತಿಲ್ಲ. ಮೇಕ್‌ಫೈಲ್‌ನಲ್ಲಿ ಮೊದಲ ಎರಡನ್ನು ಅಳಿಸಿ, ಕೊನೆಯದಕ್ಕೆ ಲಿಬ್‌ನೆಟ್‌ವರ್ಕ್ ಸೇರಿಸಿದೆ, ಲಿಂಕ್ ಆಯ್ತು. ಇದು ಸರಿಯಾ?

ಆದರೆ ಓಡಿಸಿದರೆ ವಿಚಿತ್ರ. ಸರ್ವರ್ ಆಫ್ ಇದ್ದಾಗಲೂ 'ಕನೆಕ್ಟ್ ಆಯಿತು' ಅನ್ನುತ್ತದೆ. ಮುಂದಿನ ಸಾಲಿನಲ್ಲೇ ಕೆಟ್ಟ ಫೈಲ್ ಡಿಸ್ಕ್ರಿಪ್ಟರ್ ಅಂತ ಬೀಳುತ್ತದೆ. ಡಿಸ್ಕ್ರಿಪ್ಟರ್ ನಂಬರ್ ಪ್ರಿಂಟ್ ಮಾಡಿದರೆ 214 ಕೋಟಿ ಚಿಲ್ಲರೆ!

ಅರ್ಧಕಂಪೈಲ್:

ಆ 214 ಕೋಟಿ ನೋಡಿದ ತಕ್ಷಣ ಗೊತ್ತಾಯ್ತು. ನಿಮ್ಮ ಲೈಬ್ರರಿಯಲ್ಲಿ ಎಲ್ಲೋ 'ರಿಟರ್ನ್ ಮೈನಸ್ ಎರರ್‌ನೋ' ಅಂತ ಇದೆ. ಎರರ್‌ನೋ ಅಂದರೆ ಕೊನೆಗೆ ಆದ ಎರರ್‌ನ ನಂಬರ್. ಗೆದ್ದರೆ ಸಾಕೆಟ್ ನಂಬರ್, ಸೋತರೆ ಮೈನಸ್ ಸಂಖ್ಯೆ, ಇದು ಲಿನಕ್ಸ್ ಕಡೆಯ ಪದ್ಧತಿ. ಎರರ್ ನಂಬರ್ ಯಾವಾಗಲೂ ಪ್ಲಸ್ ಇರುತ್ತದೆ ಅನ್ನೋ ನಂಬಿಕೆ ಮೇಲೆ ಅದು ನಿಂತಿದೆ.

ಹೈಕುವಿನಲ್ಲಿ ಎರರ್ ನಂಬರ್‌ಗಳೇ ಮೈನಸ್. ಬಿಓಎಸ್‌ನಿಂದ ಬಂದ ಬಳುವಳಿ. 32 ಬಿಟ್ ಇಂಟ್‌ನ ತಳದಿಂದ, ಅಂದರೆ -2147483648ರಿಂದ ಲೆಕ್ಕ ಶುರು. ಅದಕ್ಕೆ ಮತ್ತೊಂದು ಮೈನಸ್ ಹಾಕಿದರೆ ದೊಡ್ಡ ಪ್ಲಸ್ ಸಂಖ್ಯೆ ಸಿಗುತ್ತದೆ. ನಿಮ್ಮ ಲೈಬ್ರರಿ 'ಸೊನ್ನೆಗಿಂತ ಕಡಿಮೆಯಾ? ಅಲ್ಲ, ಹಾಗಾದರೆ ಗೆದ್ದೆವು' ಅಂದುಕೊಂಡು ಅದನ್ನೇ ಸಾಕೆಟ್ ಅಂತ ಹಿಡಿದುಕೊಳ್ಳುತ್ತದೆ. ಇನ್ನೂ ತಮಾಷೆ ಏನಂದರೆ ಮೆಮೊರಿ ಸಾಲದು ಅನ್ನುವ ಎರರ್ ಸರಿಯಾಗಿ ಆ ತಳದ ಸಂಖ್ಯೆಯೇ. 32 ಬಿಟ್‌ನಲ್ಲಿ ಅದರ ಪ್ಲಸ್ ರೂಪ ಹಿಡಿಸೋದೇ ಇಲ್ಲ.

ಎರಡು ದಾರಿ ಇವೆ. ಕೋಡ್ ಚಿಕ್ಕದಾಗಿದ್ದರೆ ಅಂಥ ಜಾಗಗಳನ್ನು ಹುಡುಕಿ, ಸೋತಾಗ -1 ಕೊಟ್ಟು ಎರರ್‌ನೋವನ್ನು ಬೇರೆಯಾಗಿ ನೋಡುವ ಹಾಗೆ ತಿದ್ದಿ. ಪ್ಯಾಚ್ ಅನ್ನು ಮೂಲ ಲೇಖಕರಿಗೆ ಕಳಿಸಿದರೂ ಅವರಿಗೆ ತೊಂದರೆ ಇಲ್ಲ, ಲಿನಕ್ಸ್‌ನಲ್ಲೂ ಅದು ಓಡುತ್ತದೆ. ಕೋಡ್ ದೊಡ್ಡದಾಗಿದ್ದರೆ 'ಬಿ_ಯೂಸ್_ಪಾಸಿಟಿವ್_ಪಾಸಿಕ್ಸ್_ಎರರ್ಸ್' ಅನ್ನೋ ಮ್ಯಾಕ್ರೋ ಕೊಟ್ಟು ಕಂಪೈಲ್ ಮಾಡಿ 'ಪಾಸಿಕ್ಸ್_ಎರರ್_ಮ್ಯಾಪರ್' ಲೈಬ್ರರಿ ಜೊತೆ ಲಿಂಕ್ ಮಾಡಬಹುದು. ನಡುವೆ ಕೂತು ಅದು ಎರರ್‌ಗಳನ್ನು ಪ್ಲಸ್ ಮಾಡಿಕೊಡುತ್ತದೆ. ಆದರೆ ಒಂದೇ ಪ್ರೊಗ್ರಾಂನಲ್ಲಿ ಅರ್ಧ ಹಾಗೆ ಅರ್ಧ ಹೀಗೆ ಆದರೆ ಇನ್ನೂ ಗೋಜಲು. ಹೈಕುವಿನ ಸ್ವಂತ ಎಪಿಐ ಜೊತೆ ಬೆರೆಯುವ ಲೈಬ್ರರಿಗೆ ನಾನು ಮೊದಲ ದಾರಿಯನ್ನೇ ಹೇಳ್ತೀನಿ.

ಲಿಂಕ್ ವಿಷಯದಲ್ಲಿ ನೀವು ಮಾಡಿದ್ದು ಸರಿ. ಗಣಿತದ ಫಂಕ್ಷನ್, ಪಿಥ್ರೆಡ್ ಎರಡೂ ಲಿಬ್‌ರೂಟ್ ಒಳಗೇ ಇವೆ, ಅದು ತಾನಾಗೇ ಲಿಂಕ್ ಆಗುತ್ತದೆ. ಸಾಕೆಟ್ ಮಾತ್ರ ಲಿಬ್‌ನೆಟ್‌ವರ್ಕ್‌ನಲ್ಲಿ. ಆದರೆ ಅಳಿಸೋ ಬದಲು 'ಹೈಕು ಆದರೆ' ಅಂತ ಷರತ್ತು ಹಾಕಿ, ಮೂಲಕ್ಕೆ ಕಳಿಸೋಕೆ ಅನುಕೂಲ.

ನೋಡ್ಕೋತೀನಿ:

ಸಿಕ್ಕಿತು! ಕನೆಕ್ಟ್ ಮಾಡೋ ಫಂಕ್ಷನ್‌ನ ಕೊನೆ ಸಾಲು, ನೀವು ಹೇಳಿದ್ದೇ. ಎಷ್ಟು ಹೊತ್ತು ಫೈರ್‌ವಾಲ್ ಅಂದುಕೊಂಡು ಕೂತಿದ್ದೆ.

ಕಿರುಬೆರಳು:

ಇದನ್ನೆಲ್ಲ ಓದಿ ಸ್ವಲ್ಪ ಭಯ ಆಯ್ತು. 😀 ಇರಲಿ. ಕರ್ಲ್, ಎಕ್ಸ್‌ಪ್ಯಾಟ್ ಎರಡೂ ಹಾಕಿದೆ, ಫೀಡ್ ಬರುತ್ತಿದೆ. ಸಂಗ್ರಹಕ್ಕೆ ಆ್ಯಟ್ರಿಬ್ಯೂಟ್ ದಾರಿ ಪ್ರಯತ್ನಿಸುತ್ತೇನೆ, ಬೇರೆ ಕಡೆ ಸಿಗದೇ ಇರೋದನ್ನು ಇಲ್ಲಿ ಬಿಡೋಕೆ ಮನಸ್ಸಿಲ್ಲ. ಗೂಬೆಕಣ್ಣು ಅವರ ಮಾತಿಗಾಗಿ ಸಂಗ್ರಹದ ಕೋಡನ್ನು ಬೇರೆ ಕ್ಲಾಸ್ ಮಾಡಿಟ್ಟಿದ್ದೇನೆ.

ಉಳಿದದ್ದು ವಿಂಡೋ. ಕ್ಯೂಟಿ ನನಗೆ ಬರುತ್ತದೆ. ಹೈಕುವಿನ ಇಂಟರ್‌ಫೇಸ್ ಕಿಟ್ ಕಲಿಯಬೇಕಾ?

ಹಳೇಬೀಓಎಸ್:

ಕಲಿಯಿರಿ. ಚಿಕ್ಕ ಪ್ರೊಗ್ರಾಂಗೆ ಕ್ಯೂಟಿ ಹೊರೆ. ಇಂಟರ್‌ಫೇಸ್ ಕಿಟ್ ಸಿಸ್ಟಂ ಜೊತೆಗೇ ಬರುತ್ತದೆ, ಲಿಬ್‌ಬಿಇ ಲಿಂಕ್ ಮಾಡಿದರೆ ಆಯ್ತು. ಬಿಅಪ್ಲಿಕೇಶನ್, ಬಿವಿಂಡೋ, ಬಿವ್ಯೂ, ಬಿಮೆಸೇಜ್, ಈ ನಾಲ್ಕು ಅರ್ಥವಾದರೆ ಮುಕ್ಕಾಲು ಪಾಲು ಮುಗೀತು. ಫೀಡ್ ತರೋದನ್ನು ಬೇರೆ ಥ್ರೆಡ್‌ನಲ್ಲಿಟ್ಟು, ಬಂದ ಮೇಲೆ ಬಿಮೆಸೆಂಜರ್ ಮೂಲಕ ವಿಂಡೋಗೆ ಮೆಸೇಜ್ ಕಳಿಸಿ. ಹೊರಗಿನ ಥ್ರೆಡ್‌ನಿಂದ ವ್ಯೂವನ್ನು ನೇರ ಮುಟ್ಟಬೇಡಿ. ಮುಟ್ಟಲೇಬೇಕಾದರೆ ಲೂಪರ್ (ಮೆಸೇಜ್ ನೋಡಿಕೊಳ್ಳುವ ಆ ವಿಂಡೋ) ಲಾಕ್ ಮಾಡಿ ಮುಟ್ಟಿ.

ಗೂಬೆಕಣ್ಣು:

ಇಲ್ಲಿ ನಾನು ಮತ್ತೆ ತಕರಾರು ತೆಗೀತೀನಿ. ಫೀಡ್‌ನಲ್ಲಿ ಯಾವ ಭಾಷೆ ಓದ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಒತ್ತಕ್ಷರ, ಕೂಡಿಕೊಳ್ಳುವ ಅಕ್ಷರ ಇರುವ ಲಿಪಿಗಳಲ್ಲಿ ಫಾಂಟ್ ಇದ್ದರೆ ಸಾಲದು, ಅಕ್ಷರ ಜೋಡಿಸುವ ಶೇಪಿಂಗ್ ಬೇಕು. ಬೀಟಾ 5ರಲ್ಲಿ ಇಂಟರ್‌ಫೇಸ್ ಕಿಟ್‌ನ ಪಠ್ಯಕ್ಕೆ ಅದು ಇಲ್ಲ. ಕನ್ನಡ ಪಠ್ಯ ಹಾಕಿದರೆ ಒತ್ತುಗಳು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತವೆ. ಕ್ಯೂಟಿ ತನ್ನ ಜೊತೆ ಶೇಪಿಂಗ್ ಮಾಡುವ ಹಾರ್ಫ್‌ಬಜ್ ತರುತ್ತದೆ, ಅಲ್ಲಿ ಸರಿ ಬರುತ್ತದೆ. ಈ ಚರ್ಚೆ ಓದುವವರಿಗೆ ಇದು ಚಿಕ್ಕ ವಿಷಯ ಅಲ್ಲ, ಅಲ್ವಾ?

ಮೆನು, ಬಟನ್ ಇಂಗ್ಲಿಷ್‌ನಲ್ಲಿದ್ದು ಓದೋದೂ ಇಂಗ್ಲಿಷೇ ಆದರೆ ಹಳೇಬೀಓಎಸ್ ಹೇಳಿದ್ದೇ ಸರಿ. ಇನ್ನು ಗೇಮ್, ಎಮ್ಯುಲೇಟರ್ ಥರದ್ದು ಬರೆಯೋರು ಎಸ್‌ಡಿಎಲ್2 ಹಿಡಿಯಿರಿ. 3ಡಿ ಚಿತ್ರದ ಓಪನ್‌ಜಿಎಲ್ ಮೇಲೆ ಜಾಸ್ತಿ ಭರವಸೆ ಇಡಬೇಡಿ, ಅದನ್ನು ಕೊಡುವ ಮೆಸಾ ಲೈಬ್ರರಿ ಇದೆ ಆದರೆ ಚಿತ್ರ ಬಿಡಿಸೋದು ಗ್ರಾಫಿಕ್ಸ್ ಕಾರ್ಡ್ ಅಲ್ಲ, ಸಿಪಿಯು.

ಹಳೇಬೀಓಎಸ್:

ಶೇಪಿಂಗ್ ವಿಷಯ ಒಪ್ಪಿದೆ. ಅದರಲ್ಲಿ ವಾದ ಇಲ್ಲ.

ಸಣ್ಣಹಾವು:

ಪೈಥಾನ್ ಬಗ್ಗೆ ಯಾರೂ ಮಾತಾಡಿಲ್ಲ. ಅದರ ಲೈಬ್ರರಿ ಹಾಕುವ ಪಿಪ್ ಇನ್‌ಸ್ಟಾಲ್ ಕೆಲವಕ್ಕೆ ಕ್ಷಣದಲ್ಲಿ ಆಗುತ್ತದೆ, ಕೆಲವಕ್ಕೆ ಕಂಪೈಲರ್ ಕೂಗಾಡುತ್ತದೆ. ಯಾಕೆ?

ತಂತಿಮನೆ:

ಪೂರ್ತಿ ಪೈಥಾನ್‌ನಲ್ಲೇ ಬರೆದದ್ದು ಎಲ್ಲ ಕಡೆ ಒಂದೇ, ಬರುತ್ತದೆ. ಒಳಗೆ ಸಿ ಇದ್ದರೆ ಲಿನಕ್ಸ್, ವಿಂಡೋಸ್, ಮ್ಯಾಕ್‌ಗೆ ಮೊದಲೇ ಕಟ್ಟಿದ ವೀಲ್ ಇಟ್ಟಿರುತ್ತಾರೆ, ಹೈಕುವಿಗೆ ಇಟ್ಟಿರಲ್ಲ. ಆಗ ಪಿಪ್ ಸೋರ್ಸ್ ತಂದು ಇಲ್ಲೇ ಕಟ್ಟೋಕೆ ಹೊರಡುತ್ತದೆ. ನಮ್‌ಪೈ ಥರದ್ದಕ್ಕೆ ಮೊದಲು ಪಿಕೆಜಿಮ್ಯಾನ್‌ನಲ್ಲಿ ಹುಡುಕಿ, ಹೆಸರಿನ ಕೊನೆಗೆ ಪೈಥಾನ್ ಆವೃತ್ತಿ ಇರುತ್ತದೆ. ಅದು ನಿಮ್ಮ ಪೈಥಾನ್‌ಗೆ ಹೊಂದಬೇಕು.

ರಸ್ಟ್‌ನವರಿಗೂ ಒಂದು ಮಾತು. ಹೈಕು ಅವರ ಮೂರನೇ ಹಂತದ ಟಾರ್ಗೆಟ್, ಅಂದರೆ ಅವರ ಕಡೆಯಿಂದ ಸಿದ್ಧ ಕಂಪೈಲರ್ ಬರಲ್ಲ. ಅವರ ಇನ್‌ಸ್ಟಾಲರ್ ರಸ್ಟಪ್ ಬಿಟ್ಟು ಹೈಕುಪೋರ್ಟ್ಸ್‌ನ ರಸ್ಟ್ ಪ್ಯಾಕೇಜ್ ಹಾಕಿ.

ಕಿರುಬೆರಳು:

ಮತ್ತೆ ಬಂದೆ. ಫೀಡ್‌ನ ಎನ್‌ಕೋಡಿಂಗ್ ಸರಿಮಾಡೋಕೆ ಇನ್ನೊಂದು ಲೈಬ್ರರಿ ಹಾಕಲು ಹೋದರೆ ಪಿಕೆಜಿಮ್ಯಾನ್ ಒಪ್ಪುತ್ತಿಲ್ಲ. ಹೈಕುವಿನ ಇಂಥ ಆವೃತ್ತಿಗಿಂತ ಮೇಲಿನದು ಬೇಕು, ಅದನ್ನು ಯಾರೂ ಕೊಡುತ್ತಿಲ್ಲ ಅನ್ನುತ್ತದೆ. ಪ್ಯಾಕೇಜ್ ಫೈಲ್ ಇಳಿಸಿ ನಾನೇ ಫೋಲ್ಡರ್‌ಗೆ ಹಾಕಿಬಿಡಲಾ?

ತಂತಿಮನೆ:

ಬೇಡ. ಆ ಪ್ಯಾಕೇಜ್ ನಿಮ್ಮ ಸಿಸ್ಟಂಗಿಂತ ಹೊಸ ಹೈಕುವಿನ ಮೇಲೆ ಕಟ್ಟಿದ್ದು. ನೈಟ್ಲಿಯ (ಆಗಾಗ ಹೊರಬರುವ ಪರೀಕ್ಷಾ ಆವೃತ್ತಿ) ರೆಪೊಸಿಟರಿ ಏನಾದರೂ ಸೇರಿಕೊಂಡಿದೆಯಾ ಅಂತ 'ಪಿಕೆಜಿಮ್ಯಾನ್ ಲಿಸ್ಟ್-ರೆಪೋಸ್' ಕೊಟ್ಟು ನೋಡಿ. ಬೀಟಾಗೆ ಬೀಟಾದ್ದೇ ಇರಬೇಕು, ನೈಟ್ಲಿಗೆ ನೈಟ್ಲಿಯದೇ. ಎರಡನ್ನೂ ಬೆರೆಸಿದರೆ ಇವತ್ತಲ್ಲ ನಾಳೆ ಹೀಗೇ. ಸರಿಪಡಿಸಿದ ಮೇಲೆ 'ಫುಲ್-ಸಿಂಕ್' ಕೊಟ್ಟರೆ ಎಲ್ಲವೂ ಒಂದೇ ಸಾಲಿಗೆ ಬರುತ್ತದೆ.

ಕಿರುಬೆರಳು:

ಹೌದು, ನೈಟ್ಲಿ ರೆಪೊ ಇತ್ತು. ತೆಗೆದೆ, ಸರಿ ಹೋಯ್ತು.

ನೋಡ್ಕೋತೀನಿ:

ನನ್ನ ಲೈಬ್ರರಿ ಈಗ ನೆಟ್ಟಗೆ ಓಡುತ್ತಿದೆ. ನಾನ್-ಪ್ಯಾಕೇಜ್ಡ್‌ನಲ್ಲಿ ಬಿದ್ದಿದೆ. ಇದನ್ನೇ ಪ್ಯಾಕೇಜ್ ಮಾಡಿ ಎಲ್ಲರಿಗೂ ಕೊಡಬೇಕು ಅಂದರೆ ಎಷ್ಟು ಕಷ್ಟ?

ಅರ್ಧಕಂಪೈಲ್:

ಕಷ್ಟದ ಭಾಗ ನೀವು ಆಗಲೇ ಮುಗಿಸಿದ್ದೀರಿ. ಉಳಿದದ್ದು ರೆಸಿಪಿ ಬರೆಯೋದು, ಅದು ಒಂದು ಶೆಲ್ ಸ್ಕ್ರಿಪ್ಟ್ ಅಷ್ಟೇ. ಮೇಲ್ಭಾಗದಲ್ಲಿ ವಿವರ: ಸಾರಾಂಶ, ಲೈಸೆನ್ಸ್, ಸೋರ್ಸ್ ಎಲ್ಲಿದೆ, ಅದರ ಎಸ್‌ಎಚ್‌ಎ256 ಚೆಕ್‌ಸಮ್, ಏನನ್ನು ಕೊಡುತ್ತದೆ, ಏನು ಬೇಕು. ಕೆಳಗೆ ಬಿಲ್ಡ್, ಇನ್‌ಸ್ಟಾಲ್ ಅನ್ನೋ ಎರಡು ಫಂಕ್ಷನ್.

ಹೊಸಬರು ಎಡವೋದು ಇನ್‌ಸ್ಟಾಲ್ ಫಂಕ್ಷನ್‌ನಲ್ಲಿ. ಲೈಬ್ರರಿಯನ್ನು ಎರಡು ಪ್ಯಾಕೇಜ್ ಆಗಿ ಒಡೆಯಬೇಕು. ಓಡೋಕೆ ಬೇಕಾದ ಲೈಬ್ರರಿ ಫೈಲ್ ಮುಖ್ಯ ಪ್ಯಾಕೇಜ್‌ಗೆ, ಹೆಡರ್ ಮತ್ತು ಲಿಂಕ್ ಮಾಡೋಕೆ ಬೇಕಾದ್ದು ಡೆವೆಲ್ ಪ್ಯಾಕೇಜ್‌ಗೆ. ಇದಕ್ಕೆ 'ಪ್ರಿಪೇರ್‌ಇನ್‌ಸ್ಟಾಲ್ಡ್‌ಡೆವೆಲ್‌ಲಿಬ್' ಅನ್ನೋ ಸಿದ್ಧ ಫಂಕ್ಷನ್ ಇದೆ, ಆಮೇಲೆ 'ಫಿಕ್ಸ್‌ಪಿಕೆಜಿಕಾನ್ಫಿಗ್' ಕರೆಯಿರಿ. ಆಟೋಟೂಲ್ಸ್ ಬಳಸುವ ಲೈಬ್ರರಿ ಆದರೆ 'ರನ್‌ಕಾನ್ಫಿಗರ್' ಕೊಟ್ಟರೆ ಹೆಡರ್ ಫೋಲ್ಡರ್‌ನಂಥ ಹೈಕುವಿನ ದಾರಿಗಳನ್ನು ಅದೇ ತುಂಬಿಕೊಳ್ಳುತ್ತದೆ. ನಿಮ್ಮದು ಕೈಯಲ್ಲಿ ಬರೆದ ಮೇಕ್‌ಫೈಲ್ ಆದರೆ ಆ ದಾರಿಗಳನ್ನು ನೀವೇ ಕೊಡಬೇಕಾಗುತ್ತದೆ.

ಹಳೆ ಜಿಸಿಸಿಯಲ್ಲಿ ಕಟ್ಟೋಕೆ ಆಗದಿದ್ದರೆ ಆರ್ಕಿಟೆಕ್ಚರ್ ಸಾಲಿನಲ್ಲಿ ಎಲ್ಲವೂ ಸರಿ, ಎಕ್ಸ್86_ಜಿಸಿಸಿ2 ಬೇಡ ಅಂತ ಬರೆದು, ಎರಡನೇ ಆರ್ಕಿಟೆಕ್ಚರ್ ಆಗಿ ಎಕ್ಸ್86 ಕೊಡಿ. ಆಗ ಕಿರುಬೆರಳು ಥರ 32 ಬಿಟ್‌ನಲ್ಲಿ ಇರೋರಿಗೂ ಸಿಗುತ್ತದೆ.

ಆಮೇಲೆ ರೆಸಿಪಿಯಿಂದ ಪ್ಯಾಕೇಜ್ ಕಟ್ಟುವ ಹೈಕುಪೋರ್ಟರ್ ಓಡಿಸಿ. ರೆಸಿಪಿಯಲ್ಲಿ ಬರೆಯದ ಪ್ಯಾಕೇಜ್ ಅದರ ಬಿಲ್ಡ್ ಜಾಗದಲ್ಲಿ ಕಾಣಿಸಲ್ಲ, ಹಾಗಾಗಿ ಬರೆಯೋಕೆ ಬಿಟ್ಟುಹೋದ ಡಿಪೆಂಡೆನ್ಸಿ ಅಲ್ಲೇ ಸಿಕ್ಕಿಬೀಳುತ್ತದೆ. ಎಚ್‌ಪಿಕೆಜಿ ಸಿದ್ಧವಾದ ಮೇಲೆ ಮೊದಲು ನಾನ್-ಪ್ಯಾಕೇಜ್ಡ್‌ನಲ್ಲಿ ಇರೋ ನಿಮ್ಮ ಪ್ರತಿ ಅಳಿಸಿ. ಲೈಬ್ರರಿ ಹುಡುಕುವ ದಾರಿಯಲ್ಲಿ ಅದು ಸಿಸ್ಟಂ ಲಿಬ್‌ಗಿಂತ ಮುಂದೆ ಇದೆ. ಅಳಿಸದಿದ್ದರೆ ಟೆಸ್ಟ್ ಆಗೋದು ಹಳೆಯದೇ.

ನೋಡ್ಕೋತೀನಿ:

ಓಹ್, ಆ ಕೊನೆಯದು ನನಗೆ ಹೊಳೆಯುತ್ತಲೇ ಇರಲಿಲ್ಲ. ರೆಸಿಪಿ ಫೈಲ್ ಯಾವ ಫೋಲ್ಡರ್‌ಗೆ ಹಾಕಬೇಕು?

ಅರ್ಧಕಂಪೈಲ್:

ಹೈಕುಪೋರ್ಟ್ಸ್‌ನ ನೆಟ್-ಲಿಬ್ಸ್ ಒಳಗೆ ಲೈಬ್ರರಿ ಹೆಸರಿನ ಫೋಲ್ಡರ್ ಮಾಡಿ. ಫೈಲ್ ಹೆಸರಲ್ಲಿ ಲೈಬ್ರರಿಯ ಹೆಸರು, ಹೈಫನ್, ಆವೃತ್ತಿ ಇರಬೇಕು. ಎರರ್‌ನೋ ಪ್ಯಾಚ್ ಅನ್ನು ಅಲ್ಲೇ ಪ್ಯಾಚಸ್ ಫೋಲ್ಡರ್‌ಗೆ ಹಾಕಿ. ಕಳಿಸೋಕೆ ಮುಂಚೆ ಹೈಕುಪೋರ್ಟರ್‌ನ ಲಿಂಟ್ (ರೆಸಿಪಿಯ ತಪ್ಪು ಹುಡುಕುವ ಪರೀಕ್ಷೆ) ಓಡಿಸಿ. ಆವೃತ್ತಿ ಅದೇ ಇದ್ದು ರೆಸಿಪಿ ಮಾತ್ರ ಆಮೇಲೆ ತಿದ್ದಿದರೆ ರಿವಿಷನ್ ನಂಬರ್ ಒಂದು ಏರಿಸಿ, ಇಲ್ಲದಿದ್ದರೆ ಯಾರಿಗೂ ಅಪ್‌ಡೇಟ್ ಹೋಗಲ್ಲ. ಪುಲ್ ರಿಕ್ವೆಸ್ಟ್ ಹಾಕಿದ ಮೇಲೆ ಲಿಂಕ್ ಇಲ್ಲಿ ಕೊಡಿ, 32 ಬಿಟ್‌ನಲ್ಲಿ ನಾನು ಕಟ್ಟಿ ನೋಡ್ತೀನಿ.